ಐಟಿಯಿಂದ ಫೈನಾನ್ಸ್‌ಗೆ: ಎರಡು ವರ್ಷದ ಎಂಬಿಎ, ಒಂದು ವರ್ಷದ್ದು, ಇಲ್ಲಾ ಕಾಲೇಜೇ ಬೇಡವೋ?

ದಾವಣಗೆರೆಯ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಚಿತ್ರದುರ್ಗದ ಎಸ್‌ಜೆಎಂ ಕಾಲೇಜಿನಲ್ಲೋ ಬಿ.ಇ. ಮುಗಿಸಿ, ಬೆಂಗಳೂರಿನ ಐಟಿ ಕಂಪನಿಯಲ್ಲಿ ನಾಲ್ಕೈದು ವರ್ಷ ದುಡಿದವರಲ್ಲಿ ಒಂದಷ್ಟು ಜನಕ್ಕೆ ಈಗ ಫೈನಾನ್ಸ್ ಕಡೆ ಹೊರಳುವ ಯೋಚನೆ. ಕಾರಣ ಒಬ್ಬೊಬ್ಬರದು ಒಂದೊಂದು. ಡಿಮ್ಯಾಟ್ ಖಾತೆ ತೆರೆದ ಮೇಲೆ ಹತ್ತಿದ ರುಚಿ, ಐಟಿಯಲ್ಲಿ ಲೇ-ಆಫ್ ಭಯ, ಬ್ಯಾಂಕಿನ ಪ್ರಾಜೆಕ್ಟ್ ಮಾಡುತ್ತಾ ಮಾಡುತ್ತಾ ಕೋಡ್‌ಗಿಂತ ಅದರ ಹಿಂದಿನ ವ್ಯವಹಾರವೇ ಮಜವಾಗಿದೆ ಅನ್ನಿಸಿದ್ದು. ಕಾರಣ ಏನೇ ಇರಲಿ, ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಎಂಬಿಎ ಮಾಡಬೇಕಾ? ಮನೆಯಲ್ಲಿ ಅಪ್ಪ ಕೇಳುವುದು ಇದನ್ನೇ, ಸ್ವಲ್ಪ ಬೇರೆ ಧಾಟಿಯಲ್ಲಿ: "ಕೈಯಾಗಿರೋ ಕೆಲ್ಸ ಬಿಟ್ಟು ಮತ್ತೆ ಕಾಲೇಜಿಗೆ ಹೋಗ್ತೀಯೇನಪ್ಪಾ?"

ಅಪ್ಪನ ಪ್ರಶ್ನೆ ತೂಕದ್ದು. ಅದಕ್ಕೆ ಉತ್ತರ ಕೊಡಬೇಕೆಂದರೆ ಕಾಲೇಜುಗಳ ರ‍್ಯಾಂಕ್ ಪಟ್ಟಿ ಸಾಲದು. ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಅದೂ ನಮ್ಮ ಊರಿನ ದುಡ್ಡಿನ ಲೆಕ್ಕದಲ್ಲಿ.

ಮೊದಲು ಹುದ್ದೆ, ಆಮೇಲೆ ಕಾಲೇಜು

ಫೈನಾನ್ಸ್ ಒಂದೇ ಕೆಲಸವಲ್ಲ. ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟುವುದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್. ದೊಡ್ಡ ಕಂಪನಿಗಳಿಗೆ ಸಾಲ ಕೊಟ್ಟು ಆ ಸಂಬಂಧ ನೋಡಿಕೊಳ್ಳುವುದು ಕಾರ್ಪೊರೇಟ್ ಬ್ಯಾಂಕಿಂಗ್. ಇವಲ್ಲದೆ ಷೇರು ವಿಶ್ಲೇಷಣೆ, ಕ್ರಿಸಿಲ್, ಇಕ್ರಾದಂಥ ಕಡೆ ಕ್ರೆಡಿಟ್ ರೇಟಿಂಗ್, ಬ್ಯಾಂಕಿನೊಳಗಿನ ರಿಸ್ಕ್ ವಿಭಾಗ, ಕಂಪನಿಯೊಂದರ ನಗದು ನೋಡಿಕೊಳ್ಳುವ ಟ್ರೆಜರಿ, ಫಿನ್‌ಟೆಕ್‌ನಲ್ಲಿ ಪ್ರಾಡಕ್ಟ್ ಕೆಲಸ ಇವೆ. ಒಂದೊಂದಕ್ಕೂ ಜನರನ್ನು ಆರಿಸುವ ರೀತಿ ಬೇರೆ.

ಮೊದಲ ಎರಡಕ್ಕೆ ಹೊರಗಿನಿಂದ ಬರುವವರು ಹೆಚ್ಚಾಗಿ ದೊಡ್ಡ ಬಿ-ಸ್ಕೂಲ್‌ಗಳ ಕ್ಯಾಂಪಸ್‌ನಿಂದಲೇ ಬರುತ್ತಾರೆ, ಇಲ್ಲವೇ ಸಿಎ ಆಗಿರುತ್ತಾರೆ. ಕೆಲಸದ ಜಾಗವೂ ಬಹುಪಾಲು ಮುಂಬೈ: ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಲೋಯರ್ ಪರೇಲ್. ರಿಸ್ಕ್, ಮಾಡೆಲಿಂಗ್, ಟ್ರೇಡಿಂಗ್ ವ್ಯವಸ್ಥೆಗಳ ಕೆಲಸ ಹಾಗಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲಿದೆ, ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ ಕೂಡ ಇವೆ. ಅಲ್ಲಿ ಕೋಡ್ ಗೊತ್ತಿರುವವನಿಗೆ ಒಳಗೆ ಹೋಗಲು ಎಂಬಿಎ ಕಡ್ಡಾಯವಲ್ಲ. ಫಿನ್‌ಟೆಕ್‌ನಲ್ಲಂತೂ ನಿಮ್ಮ ಈಗಿನ ಅನುಭವಕ್ಕೇ ಬೆಲೆ.

ಇಷ್ಟು ಮಾಡಿ. ನಿಮಗೆ ಬೇಕು ಅನ್ನಿಸುವ ಹುದ್ದೆಯಲ್ಲಿ ಈಗ ಕೂತಿರುವ ಹತ್ತಿಪ್ಪತ್ತು ಜನರ ಲಿಂಕ್ಡ್‌ಇನ್ ಪುಟ ತೆರೆದು, ಅವರು ಆ ಕುರ್ಚಿಗೆ ಬರುವ ಮುಂಚೆ ಎಲ್ಲಿದ್ದರು ನೋಡಿ. ಎಲ್ಲರೂ ನಾಲ್ಕೈದು ಕಾಲೇಜುಗಳಿಂದಲೇ ಬಂದಿದ್ದರೆ ನಿಮ್ಮ ದಾರಿ ಕ್ಯಾಂಪಸ್ ಮೂಲಕ. ಅರ್ಧಕ್ಕರ್ಧ ಜನ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಪರೀಕ್ಷೆ) ಮಾಡಿ, ಕಂಪನಿಯೊಳಗೇ ವಿಭಾಗ ಬದಲಿಸಿ ಬಂದಿದ್ದರೆ ನೀವು ಮೂವತ್ತು ಲಕ್ಷ ಸಾಲ ಮಾಡುವ ಮುಂಚೆ ಇನ್ನೊಂದು ಸಲ ಯೋಚಿಸಬೇಕು. ಈ ಕೆಲಸಕ್ಕೆ ಒಂದು ಭಾನುವಾರ ಸಾಕು. ಬಹಳ ಜನ ಇದನ್ನು ಮಾಡುವುದಿಲ್ಲ, ನೇರ ಕೋಚಿಂಗ್‌ಗೆ ದುಡ್ಡು ಕಟ್ಟುತ್ತಾರೆ.

ಎರಡು ವರ್ಷದ ಕೋರ್ಸಿನ ನಿಜವಾದ ಬೆಲೆ

ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಎಂ, ದೆಹಲಿಯ ಎಫ್‌ಎಂಎಸ್ ಮುಂತಾದ ಕಡೆ ಸೇರುವುದು ಇದು. ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ, ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಇಂಗ್ಲಿಷ್ ಓದು, ಡೇಟಾ ಮತ್ತು ತರ್ಕ, ಗಣಿತ. ಬಿ.ಇ. ಮಾಡಿದವರಿಗೆ ಗಣಿತ ಸಲೀಸು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿದವರಿಗೆ ತೊಡಕಾಗುವುದು ಓದಿನ ಭಾಗ. ಇದಕ್ಕೆ ಕೋಚಿಂಗ್‌ಗಿಂತ ದಿನಾ ಇಂಗ್ಲಿಷ್ ಸಂಪಾದಕೀಯ, ಉದ್ದನೆಯ ಲೇಖನ ಓದುವ ರೂಢಿಯೇ ಮದ್ದು, ಅದೂ ಪರೀಕ್ಷೆಗೆ ಒಂದು ವರ್ಷ ಮೊದಲೇ ಶುರುವಾಗಬೇಕು.

ಆದರೆ ಎರಡು ವರ್ಷ ಯಾಕೆ ಬೇಕು ಅನ್ನುವುದಕ್ಕೆ ನನ್ನ ಉತ್ತರ ಪಾಠವಲ್ಲ. ಲೆಕ್ಕಪತ್ರ, ಕಾರ್ಪೊರೇಟ್ ಫೈನಾನ್ಸ್ ಪಾಠ ಮನೆಯಲ್ಲೇ ಕೂತು ಕಲಿಯಬಹುದು. ಮೊದಲ ವರ್ಷಕ್ಕೂ ಎರಡನೆಯದಕ್ಕೂ ನಡುವಿನ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳ ಇಂಟರ್ನ್‌ಶಿಪ್ ಇರುತ್ತದಲ್ಲ, ನೀವು ಫೀಸು ಕಟ್ಟುವುದು ಅದಕ್ಕೆ. ನಿಮ್ಮ ಸಿವಿಯಲ್ಲಿ ಫೈನಾನ್ಸ್ ಅನ್ನುವ ಮಾತು ಮೊಟ್ಟಮೊದಲು ಬರುವುದು ಅಲ್ಲಿ. ಆ ಎರಡು ತಿಂಗಳಲ್ಲಿ ಚೆನ್ನಾಗಿ ಮಾಡಿದವರಿಗೆ ಅದೇ ಕಂಪನಿ ಪಿಪಿಒ ಕೊಡುತ್ತದೆ, ಅಂದರೆ ಕೊನೆಯ ವರ್ಷದ ಪ್ಲೇಸ್‌ಮೆಂಟ್‌ಗೆ ಮುಂಚೆಯೇ ಕೆಲಸ ಖಾತ್ರಿ. ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಜನರನ್ನು ತೆಗೆದುಕೊಳ್ಳುವ ಮುಖ್ಯ ದಾರಿಯೇ ಇದು.

ಇದರಲ್ಲೊಂದು ಸಿಕ್ಕು ಇದೆ. ತರಗತಿ ಶುರುವಾಗುವುದು ಜೂನ್ ಸುಮಾರಿಗೆ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಆಯ್ಕೆ ಆಗುವುದು ಅದೇ ವರ್ಷದ ದೀಪಾವಳಿಯ ಆಸುಪಾಸಿನಲ್ಲಿ. ಅಂದರೆ ಬ್ಯಾಲೆನ್ಸ್ ಶೀಟ್ ಅಂದರೇನೆಂದು ಕಲಿಯುತ್ತಿರುವಾಗಲೇ ಬ್ಯಾಂಕಿನವರು ಬಂದು ಎದುರು ಕೂರುತ್ತಾರೆ. ಪಕ್ಕದಲ್ಲಿ ಸಿಎ ಮುಗಿಸಿದ ಸಹಪಾಠಿ ಇರುತ್ತಾನೆ. ಹಾಗಾಗಿ ಐಟಿಯಿಂದ ಹೋಗುವವರು ಕಾಲೇಜಿಗೆ ಕಾಲಿಡುವ ಮುಂಚೆಯೇ ಸಿಎಫ್‌ಎ ಮೊದಲ ಹಂತ ಮುಗಿಸಿಕೊಂಡಿದ್ದರೆ, ಎರಡು ಮೂರು ಕಂಪನಿಗಳ ಮೌಲ್ಯಮಾಪನ ತಾವೇ ಮಾಡಿ ನೋಡಿದ್ದರೆ ಬಹಳ ವ್ಯತ್ಯಾಸ ಆಗುತ್ತದೆ.

ಇನ್ನೊಂದು ಸಿಕ್ಕು ಅನುಭವದ್ದು. ಎರಡು ವರ್ಷದ ಬ್ಯಾಚ್‌ಗಳಲ್ಲಿ ಹೆಚ್ಚಿನವರು ಹೊಸಬರು, ಇಲ್ಲವೇ ಎರಡು ಮೂರು ವರ್ಷ ಕೆಲಸ ಮಾಡಿದವರು. ಆರೇಳು ವರ್ಷ ಐಟಿಯಲ್ಲಿದ್ದು ಅಲ್ಲಿಗೆ ಹೋದರೆ, ಲ್ಯಾಟರಲ್ ನೇಮಕಾತಿಗೆ, ಅಂದರೆ ಅನುಭವಸ್ಥರನ್ನೇ ಆರಿಸಲು, ಬರುವ ಕಂಪನಿಗಳು ನಿಮ್ಮ ಹಳೆಯ ಅನುಭವ ನೋಡಿ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ಗೋ ಐಟಿ ಕನ್ಸಲ್ಟಿಂಗ್‌ಗೋ ಕರೆಯುತ್ತವೆ, ಒಳ್ಳೆಯ ಸಂಬಳವನ್ನೇ ಕೊಡುತ್ತವೆ. ಫೈನಾನ್ಸ್‌ಗೆಂದು ಹೋದವರು ಮತ್ತೆ ತಂತ್ರಜ್ಞಾನದಲ್ಲೇ ಬಂದು ಕೂರುವುದು ಹೀಗೆ. ತಪ್ಪೇನಿಲ್ಲ, ಆದರೆ ಅದಕ್ಕೆ ಅಷ್ಟು ಸಾಲ ಬೇಕಿತ್ತಾ? ಮೂರು ನಾಲ್ಕು ವರ್ಷದೊಳಗಿನ ಅನುಭವ ಇರುವವರಿಗೆ ಈ ಕೋರ್ಸ್ ಸರಿ. ಅದಕ್ಕಿಂತ ಹೆಚ್ಚಾದರೆ ಎರಡು ಸಲ ಯೋಚಿಸಿ.

ಕಾಲೇಜಿನ ಹೆಸರು ಕೇಳುವವರಿಗೆ: ಫೈನಾನ್ಸ್ ಅಂದಾಗ ಮೊದಲು ಬರುವುದು ಜೋಕಾದಲ್ಲಿರುವ ಐಐಎಂ ಕಲ್ಕತ್ತಾ. 1961ರಲ್ಲಿ ಶುರುವಾದದ್ದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ 1973ರದು. ಊರಿಗೆ ಹತ್ತಿರ ಅನ್ನುವ ಸಮಾಧಾನ ಅದರಲ್ಲಿದೆ. ಮುಂಬೈನ ಜಮ್ನಾಲಾಲ್ ಬಜಾಜ್ ಇನ್‌ಸ್ಟಿಟ್ಯೂಟ್‌ಗೆ ಕೆಲಸದ ಮಾರುಕಟ್ಟೆಯ ನಡುವೆಯೇ ಇರುವ ಅನುಕೂಲ. ದೆಹಲಿಯ ಎಫ್‌ಎಂಎಸ್‌ಗೆ ಫೀಸು ಐಐಎಂಗಳ ಹತ್ತನೇ ಒಂದು ಪಾಲಿನಷ್ಟು. ಅಲ್ಲಿ ಸೀಟು ಸಿಕ್ಕರೆ ಸಾಲದ ಈ ಇಡೀ ಚರ್ಚೆಯೇ ಬೇಡ. ಆದರೆ ಸೀಟು ಸಿಗುವುದು ಸುಲಭವಲ್ಲ. ಕ್ಯಾಟ್ ಬರೆಯುವವರಲ್ಲಿ ಇಂಜಿನಿಯರುಗಳೇ ತುಂಬಿರುವುದರಿಂದ, ಬಿ.ಇ. ಮಾಡಿ ಐಟಿಯಲ್ಲಿರುವ ಹುಡುಗ ಆ ಗುಂಪಿನಲ್ಲಿ ಎದ್ದು ಕಾಣುವುದಿಲ್ಲ. ಪರ್ಸೆಂಟೈಲ್ 99ರ ಮೇಲೆಯೇ ಬೇಕು ಅಂತ ಇಟ್ಟುಕೊಳ್ಳಿ. ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕಗಳನ್ನೂ ಬೆಂಗಳೂರು, ಅಹಮದಾಬಾದ್‌ನವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪಿಯುಸಿಯಲ್ಲಿ ಎಡವಿದ್ದರೆ ಅದನ್ನು ಈಗ ತಿದ್ದಲಾಗದು. ಹಿಂದಿನ ಅಂಕಗಳಿಗೆ ಕಡಿಮೆ ತೂಕ ಕೊಡುವ ಕಾಲೇಜುಗಳ ಕಡೆ ತಿರುಗುವುದೇ ಜಾಣತನ.

ಒಂದು ವರ್ಷದ್ದು ಯಾರಿಗೆ

ಹೈದರಾಬಾದ್ ಮತ್ತು ಮೊಹಾಲಿಯ ಐಎಸ್‌ಬಿ, ಐಐಎಂಗಳಲ್ಲಿ ಅಹಮದಾಬಾದ್‌ನ ಪಿಜಿಪಿಎಕ್ಸ್, ಬೆಂಗಳೂರಿನ ಇಪಿಜಿಪಿ, ಕಲ್ಕತ್ತಾದ ಎಂಬಿಎಎಕ್ಸ್ ಒಂದು ವರ್ಷದ ಕೋರ್ಸುಗಳು. ಇವಕ್ಕೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಅಂಕ ಬೇಕು. ಐಎಸ್‌ಬಿ ಎರಡು ವರ್ಷ ಅನುಭವಕ್ಕೂ ಒಪ್ಪುತ್ತದೆ. ಐಐಎಂಗಳ ಒಂದು ವರ್ಷದ ಕೋರ್ಸುಗಳು ಕೇಳುವುದು ನಾಲ್ಕೈದು ವರ್ಷ, ಅದಕ್ಕಿಂತ ಹೆಚ್ಚು. ಜಿಮ್ಯಾಟ್ ಈಗ ಎರಡೂಕಾಲು ಗಂಟೆಯ ಪರೀಕ್ಷೆ, 205ರಿಂದ 805ರವರೆಗೆ ಅಂಕ, ಐದು ವರ್ಷ ಚಾಲ್ತಿ. ಕ್ಯಾಟ್ ವರ್ಷಕ್ಕೊಂದೇ ಸಲ. ಇದನ್ನು ನಮಗೆ ಬೇಕಾದ ದಿನ, ಮನೆಯಲ್ಲೇ ಕೂತು ಕೂಡ ಬರೆಯಬಹುದು. ಮನೆಯಲ್ಲಿ ಬರೆಯುವವರು ಯುಪಿಎಸ್ ಇದೆಯಾ ನೋಡಿಕೊಳ್ಳಿ. ಬೆಸ್ಕಾಂನವರಿಗೆ ನಿಮ್ಮ ಪರೀಕ್ಷೆ ಗೊತ್ತಿರುವುದಿಲ್ಲ.

ಇಲ್ಲಿ ಬೇಸಿಗೆಯ ಇಂಟರ್ನ್‌ಶಿಪ್ ಇಲ್ಲ. ಅಂದರೆ ಮೇಲೆ ಹೇಳಿದ ಹೊಸ ಗುರುತು ಕಟ್ಟಿಕೊಳ್ಳುವ ಅವಕಾಶವೇ ಇಲ್ಲ. ನೇಮಕಾತಿಗೆ ಬರುವವರು ನೀವು ಈವರೆಗೆ ಮಾಡಿದ ಕೆಲಸವನ್ನೇ ನೋಡುತ್ತಾರೆ. ಆದ್ದರಿಂದ ಪೂರ್ತಿ ಬೇರೆ ಕ್ಷೇತ್ರಕ್ಕೆ, ಉದಾಹರಣೆಗೆ ಟೆಲಿಕಾಂ ಟೆಸ್ಟಿಂಗ್‌ನಿಂದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ, ಇಲ್ಲಿಂದ ಹಾರುವುದು ಕಷ್ಟ. ಆದರೆ ಬ್ಯಾಂಕಿನ ಸಾಲ ವ್ಯವಸ್ಥೆ, ಕಾರ್ಡ್ ಪಾವತಿ, ಷೇರು ಸೆಟಲ್‌ಮೆಂಟ್, ವಿಮೆ ಇಂಥವುಗಳ ಮೇಲೆ ಐದಾರು ವರ್ಷ ಕೆಲಸ ಮಾಡಿದವರಿಗೆ ಇದು ಹೇಳಿ ಮಾಡಿಸಿದ್ದು. ನಿಮ್ಮ ಹಿನ್ನೆಲೆ ಆಗಲೇ ಅರ್ಧ ಫೈನಾನ್ಸ್. ಕೋರ್ಸ್ ಉಳಿದರ್ಧಕ್ಕೆ ಮುದ್ರೆ ಒತ್ತುತ್ತದೆ.

ಬೆಂಗಳೂರು ಐಐಎಂನ ಪಿಜಿಪಿಇಎಂ ಎಂಬ ವಾರಾಂತ್ಯದ ಕೋರ್ಸನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಕೆಲಸದಲ್ಲಿದ್ದುಕೊಂಡೇ ಮಾಡುವಂಥದ್ದು ಅದು, ಇದ್ದ ಕಡೆ ಮೇಲೇರಲು ಚೆಂದ, ಕ್ಷೇತ್ರ ಬದಲಿಸಲು ಅಷ್ಟಕ್ಕಷ್ಟೆ. ದಾವಣಗೆರೆಯಲ್ಲೇ ಕೂತು ಮನೆಯಿಂದ ಕೆಲಸ ಮಾಡುವವರು ವಂದೇ ಭಾರತ್ ರೈಲನ್ನು ನಂಬಿ ಅದಕ್ಕೆ ಸೇರುವ ಯೋಚನೆ ಮಾಡುತ್ತಾರೆ. ಹೋಗಿ ಬರುವುದು ಐನೂರು ಕಿಲೋಮೀಟರ್ ಮೇಲಾಯಿತು, ವಾರ ವಾರವೂ, ಎರಡು ವರ್ಷ. ಅದಕ್ಕಿಂತ ಬೆಂಗಳೂರಿನಲ್ಲಿ ರೂಮು ಮಾಡುವುದು ವಾಸಿ.

ಅಪ್ಪನಿಗೆ ತೋರಿಸಬೇಕಾದ ಲೆಕ್ಕ

ಫೀಸನ್ನು ಮಾತ್ರ ಹೋಲಿಸುವುದು ದೊಡ್ಡ ತಪ್ಪು. ಕೈಬಿಡುವ ಸಂಬಳವನ್ನೂ ಸೇರಿಸಬೇಕು. ದೊಡ್ಡ ಐಐಎಂನ ಎರಡು ವರ್ಷದ ಕೋರ್ಸಿಗೆ ಸುಮಾರು 25 ಲಕ್ಷ, ಒಂದು ವರ್ಷದ ಕೋರ್ಸಿಗೆ ಹಾಸ್ಟೆಲ್ ಸೇರಿ ಸುಮಾರು 38 ಲಕ್ಷ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. (ವರ್ಷ ವರ್ಷ ಏರುತ್ತದೆ, ಅರ್ಜಿ ಹಾಕುವ ವರ್ಷದ ಅಂಕಿ ಹಾಕಿ ನೀವೇ ಮತ್ತೊಮ್ಮೆ ಕೂಡಿ.)

ತಿಂಗಳಿಗೆ ಕೈಗೆ ಒಂದು ಲಕ್ಷ ಬರುವವರು ಎರಡು ವರ್ಷ ಕೂತರೆ 24 ಲಕ್ಷ ಸಂಬಳ ಹೋಯಿತು, ಫೀಸು ಸೇರಿ 49 ಲಕ್ಷ. ಒಂದು ವರ್ಷದ್ದಾದರೆ 12 ಲಕ್ಷ ಸಂಬಳ, 38 ಲಕ್ಷ ಫೀಸು, ಒಟ್ಟು 50 ಲಕ್ಷ. ಎರಡೂ ಒಂದೇ ಆಯಿತು. ತಿಂಗಳಿಗೆ 50 ಸಾವಿರ ಬರುವವರಿಗೆ ಎರಡು ವರ್ಷದ್ದು 37 ಲಕ್ಷ, ಒಂದು ವರ್ಷದ್ದು 44 ಲಕ್ಷ. ಎರಡು ಲಕ್ಷ ಬರುವವರಿಗೆ ತಿರುಗುಮುರುಗು: 73 ಲಕ್ಷ ಮತ್ತು 62 ಲಕ್ಷ. ಅಂದರೆ ಸಂಬಳ ಕಡಿಮೆ ಇದ್ದಷ್ಟೂ ಎರಡು ವರ್ಷದ್ದೇ ಅಗ್ಗ, ಹೆಚ್ಚಿದ್ದಷ್ಟೂ ಒಂದು ವರ್ಷದ್ದು ಅಗ್ಗ. ಮೇಲೆ ಹೇಳಿದ ಅನುಭವದ ಮಾತಿಗೂ ಇದು ತಾಳೆಯಾಗುತ್ತದೆ.

ಈಗ ಕಂತು. 25 ಲಕ್ಷ ಸಾಲವನ್ನು ಎರಡು ವರ್ಷಗಳಲ್ಲಿ ಅರ್ಧರ್ಧ ತೆಗೆದುಕೊಂಡು, ಬಡ್ಡಿ ಶೇ 9 ಇದ್ದರೆ, ಓದು ಮುಗಿಯುವ ಹೊತ್ತಿಗೆ ಬಡ್ಡಿ ಸೇರಿ 28 ಲಕ್ಷ ದಾಟಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 36 ಸಾವಿರ, ಏಳು ವರ್ಷಕ್ಕಾದರೆ 46 ಸಾವಿರ. ಮುಂಬೈನ ಬಾಡಿಗೆ ಕಟ್ಟಿ ಇದನ್ನೂ ಕಟ್ಟಿ ಊರಿಗೆ ಏನು ಕಳಿಸುತ್ತೀರಿ ಅನ್ನುವುದನ್ನು ಹಾಳೆಯ ಮೇಲೆ ಬರೆಯಿರಿ. ಬಡ್ಡಿಗೆ ಎಂಟು ವರ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ ಎಂದು ಬ್ಯಾಂಕಿನವರು ಹೇಳುತ್ತಾರೆ. ನಿಜ, ಆದರೆ ಅದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಅಡಮಾನದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆ ಕೋಟಿ ಬಾಳುವ ಅಡಕೆ ತೋಟ ಇರುವ ಮನೆಯವರು, ಮಗನ ಓದಿಗೆ ತೋಟ ತೋರಿಸಿದರೆ ಸಾಲ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕುಗಳು ನೆಚ್ಚಿಕೊಂಡಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟಕ್ಕಿಂತ ಊರೊಳಗಿನ ಒಂದು ಸಣ್ಣ ಸೈಟಿಗೇ ಬೆಲೆ ಹೆಚ್ಚು, ಖಾತೆ ಸರಿಯಿದ್ದರೆ. ತೋಟ ಇರುವವರು ರಾಶಿ ಅಡಕೆಗೆ ರೇಟು ಬಂದಾಗ ಮಾರಿ ಓದಿನ ಕಾಲದ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟಿಬಿಟ್ಟರೆ ಅಸಲಿನ ಮೇಲೆ ಹೊರೆ ಕೂಡುವುದಿಲ್ಲ, ಅದು ತೋಟದ ಒಳ್ಳೆಯ ಉಪಯೋಗ.

ಇಷ್ಟಕ್ಕೂ ಹೆಸರಾದ ಬಿ-ಸ್ಕೂಲ್‌ಗಳಿಗೆ ಸೀಟು ಸಿಕ್ಕವರಿಗೆ ಸ್ಟೇಟ್ ಬ್ಯಾಂಕಿನ ಸ್ಕಾಲರ್ ಸಾಲದಂಥ ಯೋಜನೆಗಳಲ್ಲಿ ಅಡಮಾನವೇ ಬೇಡ. ಬ್ಯಾಂಕು ನೋಡುವುದು ಕಾಲೇಜನ್ನು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಆಯ್ದ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದ ಸಾಲ ಕೊಡಿಸುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಉಂಟು. ಅಡಮಾನ ಕೇಳಿಯೇ ಕೇಳುತ್ತಾರೆ ಅನ್ನುವಂಥ ಕಾಲೇಜಾದರೆ, ಆ ಕಾಲೇಜಿಗೆ ಅಷ್ಟು ಫೀಸು ಕೊಡಬೇಕಾ ಅನ್ನುವುದನ್ನೇ ಪ್ರಶ್ನಿಸಿಕೊಳ್ಳಿ. ಎಷ್ಟೋ ಸಲ ಬ್ಯಾಂಕಿನವರ ಹಿಂಜರಿಕೆಯಲ್ಲೇ ಉತ್ತರ ಇರುತ್ತದೆ.

ಕೆಲಸ ಬಿಡದೆ ಹೋಗುವ ದಾರಿ

ನನ್ನನ್ನು ಕೇಳಿದರೆ, ಐಟಿಯಲ್ಲಿ ಐದು ವರ್ಷ ದಾಟಿದ ಬಹುಪಾಲು ಜನ ಮೊದಲು ಪರೀಕ್ಷಿಸಬೇಕಾದ ದಾರಿ ಇದೇ.

ಸಿಎಫ್‌ಎ ಮೂರು ಹಂತದ ಪರೀಕ್ಷೆ. ಮೊದಲ ಹಂತ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ, 180 ಪ್ರಶ್ನೆ, ನಾಲ್ಕೂವರೆ ಗಂಟೆ. ಪರೀಕ್ಷೆಗಳ ಜೊತೆಗೆ 4,000 ಗಂಟೆಗಳ ಸಂಬಂಧಪಟ್ಟ ಅನುಭವವನ್ನು, ಕನಿಷ್ಠ 36 ತಿಂಗಳಲ್ಲಿ ಗಳಿಸಿ ತೋರಿಸಿದರೆ ಪೂರ್ಣ ಬಿರುದು. ಷೇರು ವಿಶ್ಲೇಷಣೆ, ಫಂಡ್ ನಿರ್ವಹಣೆ, ಕ್ರೆಡಿಟ್ ಕಡೆ ಹೋಗುವವರಿಗೆ ಇದು. ರಿಸ್ಕ್ ಕಡೆ ಹೋಗುವವರಿಗೆ ಎರಡು ಭಾಗದ ಎಫ್‌ಆರ್‌ಎಂ ಇನ್ನೂ ನೇರ. ಸಂಖ್ಯಾಶಾಸ್ತ್ರ, ಪೈಥಾನ್ ಬಲ್ಲ ಇಂಜಿನಿಯರಿಗೆ ಅದರ ಮೊದಲ ಭಾಗ ಹೊಸ ಭಾಷೆಯಂತೆ ಕಾಣುವುದಿಲ್ಲ. ಇವೆರಡರ ಖರ್ಚು ಪುಸ್ತಕ, ಶುಲ್ಕ ಎಲ್ಲ ಸೇರಿದರೂ ದೊಡ್ಡ ಕಾಲೇಜಿನ ಎಂಬಿಎ ಫೀಸಿನ ಒಂದು ಸಣ್ಣ ಪಾಲು ಅಷ್ಟೆ, ಸಂಬಳವೂ ನಿಲ್ಲುವುದಿಲ್ಲ.

ಇನ್ನೂ ಅಗ್ಗದ ಪರೀಕ್ಷೆ ಬೇಕೆಂದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ಎನ್‌ಐಎಸ್‌ಎಂ ಸಂಸ್ಥೆ ನಡೆಸುವ ಪ್ರಮಾಣಪತ್ರಗಳಿವೆ: ರಿಸರ್ಚ್ ಅನಾಲಿಸ್ಟ್, ಈಕ್ವಿಟಿ ಡಿರೈವೇಟಿವ್ಸ್. ಇವುಗಳಿಂದ ಕೆಲಸ ಸಿಗುವುದಿಲ್ಲ. ಆದರೆ ಫೈನಾನ್ಸ್ ಓದುವುದು ನಿಮಗೆ ನಿಜಕ್ಕೂ ಇಷ್ಟವಾ, ಇಲ್ಲಾ ಷೇರು ಏರುವಾಗ ಮಾತ್ರ ಇಷ್ಟವಾ ಅನ್ನುವುದು ಒಂದೆರಡು ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ. ಈ ಉತ್ತರಕ್ಕೆ ಕೆಲವೇ ಸಾವಿರ ರೂಪಾಯಿ ಕೊಡುವುದು ಲಾಭ.

ಪರೀಕ್ಷೆಗಳ ದೌರ್ಬಲ್ಯ ಒಂದೇ: ಓದಿದ್ದನ್ನು ತೋರಿಸಲು ಜಾಗ ಬೇಕು, ಅದನ್ನು ಯಾವ ಸಂಸ್ಥೆಯೂ ತಂದುಕೊಡುವುದಿಲ್ಲ. ಆದ್ದರಿಂದ ಇದನ್ನು ಕೆಲಸದ ಬದಲಾವಣೆಯ ಜೊತೆ ಜೋಡಿಸಬೇಕು. ಮೊದಲ ಹೆಜ್ಜೆ ಐಟಿ ಸೇವಾ ಕಂಪನಿಯಿಂದ ಬ್ಯಾಂಕಿನದೇ ಬೆಂಗಳೂರು ಕಚೇರಿಯ ತಂತ್ರಜ್ಞಾನ ತಂಡಕ್ಕೆ. ಎರಡನೆಯದು, ಒಂದೂವರೆ ಎರಡು ವರ್ಷದ ನಂತರ, ಅದೇ ಕಟ್ಟಡದ ರಿಸ್ಕ್ ಅಥವಾ ಅನಲಿಟಿಕ್ಸ್ ವಿಭಾಗಕ್ಕೆ ಒಳಗಿನಿಂದಲೇ ಅರ್ಜಿ. ನಿಧಾನದ ದಾರಿ, ಹೌದು. ಎಂಬಿಎಗೆ ತಯಾರಿ ಒಂದು ವರ್ಷ, ಓದು ಎರಡು ವರ್ಷ ಹಿಡಿಯುತ್ತದೆ ಅನ್ನುವುದನ್ನು ಮರೆಯದಿದ್ದರೆ ಅಷ್ಟೇನೂ ನಿಧಾನವಲ್ಲ.

ಸಿಎ ಬಗ್ಗೆಯೂ ಕೇಳುತ್ತಾರೆ. ಡಿಗ್ರಿಯಲ್ಲಿ ಶೇ 60 ಇರುವ ಇಂಜಿನಿಯರು ನೇರ ಇಂಟರ್‌ಮೀಡಿಯಟ್‌ಗೆ ಸೇರಬಹುದು. ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ, ಸಣ್ಣ ಸ್ಟೈಪೆಂಡ್ ಮೇಲೆ. ಇಪ್ಪತ್ತೆಂಟು ದಾಟಿದವರಿಗೆ ನಾನು ಹೇಳುವುದಿಲ್ಲ.

ಮೂವತ್ತರೊಳಗಿನವರು ಇನ್ನೊಂದನ್ನು ಕಡೆಗಣಿಸುತ್ತಾರೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಮತ್ತು ಸೆಬಿಯ ಗ್ರೇಡ್ ಎ ಅಧಿಕಾರಿ ಹುದ್ದೆಗಳಿಗೆ ಬಿ.ಇ. ಸಾಕು, ಎಂಬಿಎ ಬೇಡ; ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಸೆಬಿಯಲ್ಲಿ ಐಟಿ ವಿಭಾಗಕ್ಕೂ ಪ್ರತ್ಯೇಕ ನೇಮಕಾತಿ ನಡೆಯುತ್ತದೆ. ಸ್ಪರ್ಧೆ ಬಿರುಸು, ಆದರೆ ಸಾಲ ಒಂದು ರೂಪಾಯಿ ಇಲ್ಲ, ಮತ್ತು ನಮ್ಮ ಕಡೆ ಮನೆಯವರನ್ನು ಒಪ್ಪಿಸಲು ಇದಕ್ಕಿಂತ ಸುಲಭದ ಕೆಲಸವೂ ಇಲ್ಲ.

ಊರಲ್ಲೇ ಎಂಬಿಎ, ಮತ್ತು ವಿದೇಶ

ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಎಂಬಿಎ ಇದೆ, ಬಿಐಇಟಿಯಲ್ಲೂ ಇದೆ. ಪ್ರವೇಶ ಕೆಇಎ ನಡೆಸುವ ಪಿಜಿಸಿಇಟಿ ಮೂಲಕ. ಫೀಸು ಐಐಎಂ ಮುಂದೆ ಲೆಕ್ಕಕ್ಕಿಲ್ಲ. ಇದನ್ನು ಕೀಳು ಮಾಡಿ ಮಾತಾಡುವವರ ಜೊತೆ ನಾನಿಲ್ಲ, ಆದರೆ ಐದು ವರ್ಷದ ಐಟಿ ಸಂಬಳ ಬಿಟ್ಟು ಮುಂಬೈನ ಹುದ್ದೆಗಾಗಿ ಇಲ್ಲಿ ಸೇರುವುದು ದಾರಿ ತಪ್ಪಿದಂತೆ. ಇದು ಸರಿಹೊಂದುವುದು ಊರಿಗೇ ಮರಳುವ ತೀರ್ಮಾನ ಆದವರಿಗೆ: ಮಂಡಿ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ನೋಡಿಕೊಳ್ಳುವವರಿಗೆ, ಪಟ್ಟಣ ಸಹಕಾರಿ ಬ್ಯಾಂಕು, ಸೌಹಾರ್ದ, ಎನ್‌ಬಿಎಫ್‌ಸಿ ಶಾಖೆಗಳ ಸಾಲ ವಿಭಾಗದಲ್ಲಿ ಇಲ್ಲೇ ಕೆಲಸ ಹುಡುಕುವವರಿಗೆ. ಅಂಥವರಿಗೆ ಸಹಪಾಠಿಗಳೇ ಮುಂದಿನ ಗಿರಾಕಿಗಳು, ಬ್ಯಾಂಕಿನ ಮ್ಯಾನೇಜರುಗಳು.

ಅಮೆರಿಕದ ಕಡೆ ನೋಡುವವರು ಎಂಬಿಎಗಿಂತ ಫೈನಾನ್ಷಿಯಲ್ ಇಂಜಿನಿಯರಿಂಗ್‌ನಂಥ ಎಂ.ಎಸ್. ನೋಡುವುದು ಮೇಲು. ಸ್ಟೆಮ್ ಪಟ್ಟಿಯಲ್ಲಿರುವ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತದ) ಕೋರ್ಸಾದರೆ ಓದಿನ ನಂತರ ಒಟ್ಟು ಮೂರು ವರ್ಷ ಅಲ್ಲಿ ಕೆಲಸ ಮಾಡಲು ಅವಕಾಶ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ, ಡಾಲರಿನಲ್ಲಿ ದುಡಿದು ರೂಪಾಯಿ ಸಾಲ ತೀರಿಸುವ ಹಳೆಯ ಲೆಕ್ಕವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

"ಯಾಕೆ ಫೈನಾನ್ಸ್?"

ಒಂದು ವರ್ಷದ ಕೋರ್ಸಿನ ಪ್ರಬಂಧದಲ್ಲಾಗಲಿ ಐಐಎಂ ಸಂದರ್ಶನದಲ್ಲಾಗಲಿ ಈ ಪ್ರಶ್ನೆ ಬಂದೇ ಬರುತ್ತದೆ. "ಚಿಕ್ಕಂದಿನಿಂದ ಸಂಖ್ಯೆಗಳ ಮೇಲೆ ಪ್ರೀತಿ" ಎಂದು ಬರೆದರೆ ಓದುವವರು ಆಕಳಿಸುತ್ತಾರೆ. ಐಟಿಯವರ ಹತ್ತಿರ ಅದಕ್ಕಿಂತ ಗಟ್ಟಿ ಸರಕು ಇರುತ್ತದೆ, ಅದು ಫೈನಾನ್ಸ್ ಅಂತ ಅವರಿಗೆ ಹೊಳೆದಿರುವುದಿಲ್ಲ. 2023ರ ಜನವರಿಯಲ್ಲಿ ನಮ್ಮ ಷೇರುಪೇಟೆ ಪೂರ್ತಿ ಟಿ+1ಕ್ಕೆ ಬಂತು, ಅಂದರೆ ವಹಿವಾಟಾದ ಮರುದಿನವೇ ಷೇರು, ಹಣ ಕೈಬದಲು. ಆ ಬದಲಾವಣೆಗಾಗಿ ಯಾವುದೋ ಬ್ರೋಕರ್ ಕಂಪನಿಯ ವ್ಯವಸ್ಥೆಯಲ್ಲಿ ಕೋಡ್ ತಿದ್ದಿದವನಿಗೆ, ಒಂದು ದಿನ ಉಳಿದರೆ ಎಷ್ಟು ಬಂಡವಾಳ ಬಿಡುಗಡೆಯಾಗುತ್ತದೆ, ವಿದೇಶಿ ಹೂಡಿಕೆದಾರರಿಗೆ ಡಾಲರ್ ಹೊಂದಿಸಲು ಯಾಕೆ ಕಷ್ಟವಾಯಿತು ಎಂದು ಹೇಳಲು ಬಂದರೆ ಸಂದರ್ಶನ ಅರ್ಧ ಗೆದ್ದ ಹಾಗೆ.

ಊರಿನದೂ ಇದೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವ ವರ್ತಕ ರೈತನಿಗೆ ಬೇಗ ದುಡ್ಡು ಕೊಡಬೇಕು, ಕೋಳಿ ಆಹಾರದ ಕಂಪನಿಯಿಂದ ಅವನಿಗೆ ದುಡ್ಡು ಬರುವುದು ವಾರಗಳ ಮೇಲೆ. ಆ ನಡುವಿನ ದಿನಗಳಿಗೆ ಅವನು ಯಾರ ಹತ್ತಿರ, ಯಾವ ಬಡ್ಡಿಗೆ ಸಾಲ ತರುತ್ತಾನೆ, ಬೆಲೆ ಬಿದ್ದರೆ ಯಾರ ತಲೆಗೆ ಬರುತ್ತದೆ? ವರ್ಕಿಂಗ್ ಕ್ಯಾಪಿಟಲ್ ಪಾಠ ಇಡೀ ಇದರಲ್ಲಿದೆ. ಅಂಗಡಿ ಮನೆತನದಿಂದ ಬಂದವರು ಇದನ್ನು ಮುಚ್ಚಿಟ್ಟು ಪುಸ್ತಕದ ಉದಾಹರಣೆ ಒಪ್ಪಿಸುತ್ತಾರೆ. ಒಂದು ಸಂಜೆ ಅಂಗಡಿಯ ಖಾತೆ ಪುಸ್ತಕ ತೆಗೆದು ಎಷ್ಟು ದಿನದ ಬಾಕಿ, ಎಷ್ಟು ದಿನದ ದಾಸ್ತಾನು ಎಂದು ಲೆಕ್ಕ ಹಾಕಿ, ಅದನ್ನೇ ಬರೆಯಿರಿ. ಎದುರು ಕೂತವರಿಗೆ ಹೊಸದಾಗಿ ಕಾಣುವುದು ಅದು.

ಇದರ ಜೊತೆ ರೆಪೊ ದರ ಇಳಿದರೆ ಬಾಂಡ್ ಬೆಲೆ ಯಾಕೆ ಏರುತ್ತದೆ, ಲಾಭ ಇದ್ದೂ ಕಂಪನಿಯ ಕೈಯಲ್ಲಿ ನಗದು ಯಾಕಿರುವುದಿಲ್ಲ ಎಂಬಂಥವಕ್ಕೆ ಎರಡು ವಾಕ್ಯದಲ್ಲಿ ಉತ್ತರ ಬರಬೇಕು. ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರನ್ನು ಹುಡುಕಬೇಡಿ, ನಿಮ್ಮ ಕೆಲಸ ದಿನಾ ನೋಡಿದ ಮ್ಯಾನೇಜರ್ ಸಾಕು.

ಅರ್ಜಿಯ ಕಾಗದಪತ್ರ

ಮೀಸಲಾತಿಯಲ್ಲಿ ನಮ್ಮ ಜಿಲ್ಲೆಗಳವರು ಎಡವುವ ಜಾಗ ಒಂದಿದೆ. ತಹಶೀಲ್ದಾರರು ಕೊಟ್ಟ 2ಎ, 3ಎ, 3ಬಿ ಪ್ರಮಾಣಪತ್ರ ಪಿಜಿಸಿಇಟಿಗೆ ಸರಿ, ಐಐಎಂಗಳಿಗೆ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿ, ಕೇಂದ್ರದ ನಮೂನೆಯ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಸಮುದಾಯಗಳಿವೆ, ಮೊದಲೇ ನೋಡಿಕೊಳ್ಳಿ. ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಸಿಗಬಹುದು ಅಂದುಕೊಂಡವರಿಗೆ: ಕುಟುಂಬದ ಆದಾಯದಲ್ಲಿ ನಿಮ್ಮ ಐಟಿ ಸಂಬಳವೂ ಸೇರುತ್ತದೆ, ಮಿತಿ 8 ಲಕ್ಷ, ಮನೆಗೆ ಐದು ಎಕರೆ ಅಥವಾ ಹೆಚ್ಚು ಕೃಷಿ ಜಮೀನಿದ್ದರೆ ಆದಾಯ ಎಷ್ಟೇ ಇರಲಿ ಅರ್ಹತೆ ಇಲ್ಲ.

ಕ್ಯಾಟ್ ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಸಂದರ್ಶನ ಫೆಬ್ರುವರಿ, ಮಾರ್ಚ್‌ನಲ್ಲಿ, ಸೀಟು ಖಾತ್ರಿಯಾಗುವುದು ಏಪ್ರಿಲ್, ಮೇ ಹೊತ್ತಿಗೆ, ತರಗತಿ ಜೂನ್‌ನಲ್ಲಿ. ಒಂದು ವರ್ಷದ ಕೋರ್ಸುಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಶುರು, ಅವಕ್ಕೆ ಅರ್ಜಿ ಹಿಂದಿನ ವರ್ಷದ ಮಧ್ಯದಿಂದಲೇ ಸುತ್ತು ಸುತ್ತಾಗಿ ತೆರೆಯುತ್ತವೆ, ಮೊದಲ ಸುತ್ತಿನಲ್ಲೇ ಹಾಕುವುದು ಒಳ್ಳೆಯದು. ಬಹಳ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ. ಮೇ ತಿಂಗಳಲ್ಲಿ ಸೀಟು ಸಿಕ್ಕರೆ ಜೂನ್‌ಗೆ ಬಿಡುಗಡೆ ಆಗುವುದು ಹೇಗೆ? ನಿಮ್ಮ ಆಫರ್ ಲೆಟರ್ ತೆಗೆದು, ಉಳಿದ ದಿನಗಳಿಗೆ ದುಡ್ಡು ಕಟ್ಟಿ ಹೊರಬರಬಹುದೇ, ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಬೇಕೇ ಎಂಬ ಸಾಲನ್ನು ಓದಿಕೊಳ್ಳಿ. ದುಡ್ಡು ಕಟ್ಟಬೇಕು ಅಂತಿದ್ದರೆ ಆ ಎರಡು ಮೂರು ಲಕ್ಷವನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ. ಶಿಕ್ಷಣ ಸಾಲದಲ್ಲಿ ಅದು ಬರುವುದಿಲ್ಲ, ಕೈಯಿಂದಲೇ ಹಾಕಬೇಕು.